ಹತ್ತಿಯ ಕಾರು

1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆದಾಗ ತೆಗೆದ ಫೋಟೋಗಳನ್ನು ನೀವು ನೋಡಿರಬಹುದು. ಜನರ ಗುಂಪಿನ ನಡುವೆ ಪಶ್ಚಿಮಕ್ಕೆ ಹೊರಟ ಡಬ್ಬಿಯಂಥ ಪುಟ್ಟ ಕಾರುಗಳು ಅದರಲ್ಲಿ ಕಾಣುತ್ತವೆ. ಅದೇ ಟ್ರಾಬಾಂಟ್. ನಮಗೆ ಅಂಬಾಸಿಡರ್ ಹೇಗೋ, ಪೂರ್ವ ಜರ್ಮನಿಯವರಿಗೆ ಅದು ಹಾಗೆ. ರಟ್ಟಿನ ಕಾರು ಅಂತ ಜನ ಗೇಲಿ ಮಾಡ್ತಿದ್ರು. ಆದರೆ ಅದು ರಟ್ಟಲ್ಲ, ಹತ್ತಿ!

ಯುದ್ಧದ ನಂತರ ಪೂರ್ವ ಜರ್ಮನಿಯಲ್ಲಿ ಉಕ್ಕಿನ ತಗಡಿಗೆ ಬರ. ಪಶ್ಚಿಮದ ದೇಶಗಳಿಂದ ತರಿಸೋಣ ಅಂದರೆ ವ್ಯಾಪಾರ ನಿರ್ಬಂಧ. ಸೋವಿಯತ್ ಒಕ್ಕೂಟದಿಂದ ಹತ್ತಿಯ ತ್ಯಾಜ್ಯ ಮಾತ್ರ ಸಿಗುತ್ತಿತ್ತು. ಹತ್ತಿಯ ಎಳೆ ಅಂದರೆ ಹೆಚ್ಚುಕಡಿಮೆ ಅಪ್ಪಟ ಸೆಲ್ಯುಲೋಸ್. ಮರಗಿಡಗಳಿಗೆ ಗಟ್ಟಿತನ ಕೊಡುವ ವಸ್ತು. ಅಲ್ಲಿನ ಎಂಜಿನಿಯರುಗಳು ಆ ಎಳೆಗಳನ್ನು ಪದರ ಪದರವಾಗಿ ಹಾಸಿ, ಫೀನಾಲ್ ರಾಳ ಸೇರಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರು. ಬಾಗಿಲು, ಬಾನೆಟ್ಟು ತಯಾರು. ಒಳಗಿನ ಚೌಕಟ್ಟಷ್ಟೇ ಉಕ್ಕು. ಈ ಹೊರಮೈಯ ವಸ್ತುವಿಗೆ ಡ್ಯೂರೋಪ್ಲಾಸ್ಟ್ ಎಂದು ಹೆಸರು.

ಹಗುರ, ತುಕ್ಕು ಹಿಡಿಯೋ ಮಾತೇ ಇಲ್ಲ. 1957ರಿಂದ 1991ರವರೆಗೆ ಝ್ವಿಕಾವ್ ಊರಿನ ಕಾರ್ಖಾನೆಯಿಂದ 30 ಲಕ್ಷಕ್ಕೂ ಹೆಚ್ಚು ಟ್ರಾಬಾಂಟ್‌ಗಳು ಹೊರಬಂದವು. ಬುಕ್ ಮಾಡಿ ಹತ್ತು ವರ್ಷ ಕಾದವರೂ ಇದ್ದಾರೆ. ಈಗ ಸೆಣಬು, ಅಗಸೆ ನಾರಿನ ಡೋರ್ ಪ್ಯಾನೆಲ್ ಹಾಕಿ ಕಾರು ಕಂಪನಿಗಳು ಪರಿಸರಸ್ನೇಹಿ ಅಂತ ಹೇಳಿಕೊಳ್ಳುತ್ತವಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಇವರು ಬಡತನಕ್ಕೆ ಸಿಕ್ಕಿ ಅದೇ ದಾರಿ ಹಿಡಿದಿದ್ದರು.

ತೊಂದರೆ ಶುರುವಾಗಿದ್ದು ಗೋಡೆ ಬಿದ್ದ ಮೇಲೆ. ಜನ ಪಶ್ಚಿಮದ ಕಾರು ಕೊಂಡರು, ಟ್ರಾಬಾಂಟ್ ಬೀದಿಪಾಲಾಯಿತು. ಉಕ್ಕನ್ನಾದರೆ ಗುಜರಿಗೆ ಹಾಕಿ ಕರಗಿಸಬಹುದು. ಫೀನಾಲ್ ರಾಳ ಒಮ್ಮೆ ಗಟ್ಟಿಯಾದರೆ ಮುಗೀತು, ಮತ್ತೆ ಕರಗಲ್ಲ. ಸುಟ್ಟರೆ ವಿಷದ ಹೊಗೆ. ಮಣ್ಣಲ್ಲಿ ತಾನಾಗೇ ಕೊಳೆಯುವ ಹತ್ತಿಯೂ ಆ ರಾಳದೊಳಗೆ ಸಿಕ್ಕಿ ಕೊಳೆಯದೇ ಉಳಿಯಿತು.

ಇದೇನು ದೂರದ ಕಥೆಯಲ್ಲ. ನಿಮ್ಮ ಫ್ಲ್ಯಾಟಿನ ವಾರ್ಡ್‌ರೋಬಿಗೆ ಅಂಟಿಸಿರುವ ಸನ್‌ಮೈಕಾವೂ ಇದೇ ಜಾತಿ: ಒಳಗೆ ಕಂದು ಕಾಗದದ ಪದರಗಳು, ಹಿಡಿದಿಡಲು ಫೀನಾಲ್ ರಾಳ. ಕಾಗದವೂ ಸೆಲ್ಯುಲೋಸೇ ತಾನೆ? ಮುಂದಿನ ಇಂಟೀರಿಯರ್ ಕೆಲಸದಲ್ಲಿ ಕಿತ್ತ ಹಾಳೆಗಳನ್ನು ಕಾಂಟ್ರಾಕ್ಟರ್ ಎಲ್ಲಿ ಸುರಿಯುತ್ತಾನೆ ಅಂತ ಒಮ್ಮೆ ನೋಡಿ.

ನಮ್ಮ ಹಳ್ಳಿ ಕಡೆ ಮಣ್ಣಿಗೆ ಹುಲ್ಲು ಹಾಕಿ ತುಳಿದು ಗೋಡೆ ಎಬ್ಬಿಸುತ್ತಿದ್ದರು. ಅದೂ ಕಾಂಪೋಸಿಟ್ಟೇ. ಹುಲ್ಲು ಬಿರುಕು ತಡೆಯುತ್ತದೆ, ಮಣ್ಣು ಹುಲ್ಲನ್ನು ಹಿಡಿದುಕೊಳ್ಳುತ್ತದೆ. ಗೋಡೆ ಬಿದ್ದರೆ ಅದೇ ಮಣ್ಣನ್ನು ನೆನೆಸಿ ಮತ್ತೆ ಕಟ್ಟಬಹುದು, ಬೇಡವೆಂದರೆ ಹೊಲಕ್ಕೆ ಚೆಲ್ಲಬಹುದು. ಹಾಗಂತ ಮಣ್ಣಿನಲ್ಲಿ ಕಾರು ಮಾಡೋಕಾಗಲ್ಲ, ಬಿಡಿ. ಆದರೆ 'ಸಸ್ಯಜನ್ಯ' ಅಂತ ಹಸಿರು ಲೇಬಲ್ ಅಂಟಿಸಿದ ಬಾಟಲಿಯನ್ನೋ ಕುರ್ಚಿಯನ್ನೋ ಕೊಳ್ಳುವಾಗ ನಾರು ಯಾವ ಗಿಡದ್ದು ಅಂತ ಕೇಳಿದರೆ ಸಾಲದು. ಅದನ್ನು ಹಿಡಿದಿಟ್ಟಿರುವ ಅಂಟು ಯಾವುದು, ಆಯಸ್ಸು ಮುಗಿದ ಮೇಲೆ ಎರಡನ್ನೂ ಬಿಡಿಸೋರು ಯಾರು ಅಂತಲೂ ಕೇಳಿ.