ಗಾಂಜಾ ವಿಚಾರಣಾ ಮಂಡಲಿ

ಗಾಂಜಾ ಸೇವನೆಯಿಂದ ಹಿಂದೂದೇಶದ ಜನರಿಗೆ ಹಾನಿಯುಂಟಾಗುತ್ತಿರುವುದೆಂಬ ಆಕ್ಷೇಪವು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದುದರಿಂದ, ಸರಕಾರವು 1893ರಲ್ಲಿ ಏಳು ಮಂದಿಯ ವಿಚಾರಣಾ ಮಂಡಲಿಯೊಂದನ್ನು ನೇಮಿಸಿತು. ಅವರಲ್ಲಿ ಮೂವರು ಭಾರತೀಯರು. ಮಂಡಲಿಯು ಸಾವಿರಕ್ಕೂ ಮಿಕ್ಕಿ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಹುಚ್ಚಾಸ್ಪತ್ರೆಗಳ ದಫ್ತರಗಳನ್ನೂ ಶೋಧಿಸಿತು. ಉನ್ಮಾದಕ್ಕೆ ಬೇರೆ ಕಾರಣ ತೋರದಿದ್ದಲ್ಲಿ ಗಾಂಜಾ ಎಂದು ಬರೆದುಬಿಡುವ ವಾಡಿಕೆಯು ಆಗ ಬಯಲಾಯಿತು. ರೋಗಿಯನ್ನು ಕರೆತಂದ ಪೋಲೀಸಿನವನ ಮಾತೇ ಅಲ್ಲಿ ರೋಗನಿದಾನ! 1892ರಲ್ಲಿ ಸೇರಿದ 1344 ರೋಗಿಗಳ ಪೈಕಿ ಈ ಗಿಡದ ಅಮಲನ್ನು ಕಾರಣವೆನ್ನಬಹುದಾದವರು 98 ಮಂದಿ ಮಾತ್ರ.

ಮಿತಸೇವನೆಯು ಪ್ರಾಯಶಃ ನಿರಪಾಯಕರ, ಅತಿಸೇವನೆಯು ಹಾನಿಕರ. ನಿಷೇಧಕ್ಕಿಂತ ತೆರಿಗೆ, ಪರವಾನಗಿಗಳ ಕಟ್ಟುಪಾಡೇ ಯುಕ್ತವೆಂದು 1894ರ ವರದಿಯು ತಿಳಿಸಿತು. ಭಾರತೀಯ ಸದಸ್ಯರಲ್ಲಿ ಇಬ್ಬರು ಭಿನ್ನಮತವನ್ನು ಬರೆದರು. ನಿಷೇಧವು ತೊಲಗಲೆಂದು ಈಗ ವಾದಿಸುವವರು ವರದಿಯನ್ನು ಉದಾಹರಿಸುವಾಗ ಆ ಇಬ್ಬರನ್ನು ಮರೆಯುವುದು ನ್ಯಾಯವಲ್ಲ. 1985ರ ಶಾಸನವಾದರೋ ಗಾಂಜಾ ಮಾರಾಟವನ್ನು ದಂಡನೀಯವಾಗಿಸಿ, ಅದೇ ಗಿಡದ ಭಂಗಿಸೊಪ್ಪನ್ನು ಹೊರಗೆ ಬಿಟ್ಟಿತು.