ಹೊನ್ನಾವರದಿಂದ ಹೊರಟ ವಕೀಲರು

ಅಮೆರಿಕದ ಇತಿಹಾಸದಲ್ಲಿ ಜೇಮ್ಸ್ ವಿಲ್ಸನ್ ಅಂತ ಒಬ್ಬ ಬರ್ತಾನೆ. 1742ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಫಿಲಡೆಲ್ಫಿಯಾಕ್ಕೆ ವಲಸೆ ಹೋಗಿ, ಅಲ್ಲೇ ಕಾನೂನು ಕಲಿತು ವಕೀಲನಾದವನು. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಹಾಕಿದ. 1789ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಮೂರ್ತಿಗಳಲ್ಲಿ ಒಬ್ಬನಾದ. ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದವರು ನಮ್ಮಲ್ಲೂ ಒಬ್ಬರಿದ್ದಾರೆ. ಅವರೇ ನಾರಾಯಣ ಗಣೇಶ ಚಂದಾವರ್ಕರ್.

ಹುಟ್ಟಿದ್ದು 1855ರ ಡಿಸೆಂಬರ್ 2ರಂದು, ಹೊನ್ನಾವರದಲ್ಲಿ. ಕನ್ನಡದವರು ಹರಿದು ಹಂಚಿಹೋಗಿದ್ದ ಕಾಲ ಅದು. ನಮ್ಮ ಬಂಡ್ರಿ ಕಡೆ ನೋಡಿದರೆ ಒಂದೆಡೆ ಸಂಡೂರು ಸಂಸ್ಥಾನ, ಸುತ್ತ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಉತ್ತರ ಕನ್ನಡವೂ ಮೊದಲು ಮದ್ರಾಸಿಗೇ ಸೇರಿತ್ತು, 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಅದೇ ವರ್ಷ ಎರಡೂ ನಗರಗಳಲ್ಲಿ ಹೈಕೋರ್ಟು ಶುರುವಾಯಿತು. ಓದಬೇಕು, ವಕೀಲಿ ಮಾಡಬೇಕು ಅಂದರೆ ಬಳ್ಳಾರಿಯವರಿಗೆ ಮದ್ರಾಸು, ಹೊನ್ನಾವರದವರಿಗೆ ಮುಂಬೈ. ಚಂದಾವರ್ಕರರೂ ಹುಡುಗರಾಗಿದ್ದಾಗಲೇ ಮುಂಬೈ ಸೇರಿದರು. 1881ರಲ್ಲಿ ಕಾನೂನು ಪದವಿ ಪಡೆದರು, ಇಂದುಪ್ರಕಾಶ ಪತ್ರಿಕೆಯ ಇಂಗ್ಲಿಷ್ ವಿಭಾಗವನ್ನೂ ನೋಡಿಕೊಂಡರು.

1885ರಲ್ಲಿ ಇಂಗ್ಲೆಂಡಿನಲ್ಲಿ ಚುನಾವಣೆ ಬಂತು. ಭಾರತದ ಕಷ್ಟ ಹೇಳಲು ಇಲ್ಲಿಂದ ಮೂವರು ಹೋದರು: ಕಲ್ಕತ್ತದ ಮನಮೋಹನ ಘೋಷ್, ಮದ್ರಾಸಿನ ಸೇಲಂ ರಾಮಸ್ವಾಮಿ ಮೊದಲಿಯಾರ್, ಮುಂಬೈಯಿಂದ ನಮ್ಮ ಹೊನ್ನಾವರದವರು. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅನ್ನುತ್ತಿದ್ದ ದಿನಗಳವು! ಅದೇ ಡಿಸೆಂಬರ್ 28ಕ್ಕೆ ಮುಂಬೈಯಲ್ಲಿ ಕಾಂಗ್ರೆಸ್ ಹುಟ್ಟಿತು. 1900ರ ಲಾಹೋರ್ ಅಧಿವೇಶನಕ್ಕೆ ಚಂದಾವರ್ಕರರೇ ಅಧ್ಯಕ್ಷರು. 1901ರಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ.

ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಮರುವರ್ಷವೇ ಬ್ರಿಟಿಷರ ಕೋರ್ಟಿನಲ್ಲಿ ಕೂತರೇ ಅಂತ ಇವತ್ತು ನಮಗೆ ಅನ್ನಿಸುತ್ತೆ. ವಿಲ್ಸನ್ ಜಡ್ಜಾದಾಗ ಅದು ಅವನದೇ ದೇಶದ ಕೋರ್ಟು, ತಾನೇ ಕೂತು ಬರೆದ ಸಂವಿಧಾನ. ಇವರಿಗೆ ಅದ್ಯಾವುದೂ ಇರಲಿಲ್ಲ. ಇಲ್ಲಿ ಓಟೇ ಇಲ್ಲದ ಜನರ ಕೇಸನ್ನು ಹಡಗು ಹತ್ತಿ ಹೋಗಿ, ಅಲ್ಲಿ ಓಟು ಇದ್ದವರ ಮುಂದೆ ವಾದಿಸಬೇಕಿತ್ತು. ಆಗಿನ ನಮ್ಮ ರಾಜಕೀಯ ಅಂದರೆ ವಕೀಲಿಯೇ. ಅರ್ಜಿ, ವಾದ, ಸಾಕ್ಷಿ... ತೀರ್ಪು ಮಾತ್ರ ಬೇರೆಯವರದು.

ಮುಂದೆ 'ಸರ್' ಪದವಿಯೂ ಬಂತು. ಹಾಗಂತ ಬಾಯಿ ಕಟ್ಟಿ ಕೂರಲಿಲ್ಲ. ಜಲಿಯನ್‌ವಾಲಾಬಾಗ್ ಕುರಿತ ಹಂಟರ್ ಸಮಿತಿ ವರದಿಯನ್ನು ಖಂಡಿಸಲು 1920ರಲ್ಲಿ ಮುಂಬೈಯಲ್ಲಿ ನಡೆದ ಸಭೆಗೆ ಅವರೇ ಅಧ್ಯಕ್ಷರು. 1921ರಲ್ಲಿ ಮುಂಬೈ ಶಾಸನ ಪರಿಷತ್ತಿನ ಅಧ್ಯಕ್ಷರಾದರು, 1923ರಲ್ಲಿ ತೀರಿಕೊಂಡರು.

ಮುಂಬೈಯವರು ಅವರನ್ನು ತಮ್ಮವರು ಅಂದುಕೊಂಡರೆ ತಪ್ಪೇನಿಲ್ಲ, ಬೆಳೆದದ್ದೇ ಅಲ್ಲಿ. ಆದರೆ ಚಂದಾವರ ಅನ್ನೋದು ಉತ್ತರ ಕನ್ನಡದ ಊರು. ಊರು ಬಿಟ್ಟರೂ ಹೆಸರಲ್ಲಿ ಊರು ಉಳೀತು. ನಮ್ಮ ಪಾಠಪುಸ್ತಕದಲ್ಲೂ ಒಂದು ಪ್ಯಾರಾ ಉಳಿಯಬೇಕಿತ್ತು, ಏನಂತೀರಿ?