ನೀರು ಬೆಳಗಿದ ಮನೆ

ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್‌ಲ್ಯಾಂಡಿನಲ್ಲಿ, ರಾತ್‌ಬರಿ ಎಂಬ ಊರಿನ ಪಕ್ಕದ ಬಂಡೆಗುಡ್ಡಕ್ಕೆ ಅಂಟಿಕೊಂಡಂತೆ ನಿಂತಿದೆ ಕ್ರ್ಯಾಗ್‌ಸೈಡ್. ಕಡಿದಾದ ಮಾಡುಗಳು, ಎತ್ತರೆತ್ತರದ ಹೊಗೆಗೂಡುಗಳು, ಮರದ ಚೌಕಟ್ಟು ಎದ್ದು ಕಾಣುವ ಗೋಡೆಗಳು. ಕಣಿವೆಯಿಂದ ತಲೆಯೆತ್ತಿ ನೋಡಿದವರು ಇದನ್ನು ವಿಕ್ಟೋರಿಯಾ ರಾಣಿಗಿಂತ ಮುನ್ನೂರು ವರ್ಷ ಹಿಂದಿನ ಮನೆ ಎಂದುಕೊಂಡರೆ ತಪ್ಪಿಲ್ಲ. ಆದರೆ ಜಲವಿದ್ಯುತ್ತಿನಿಂದ ಬೆಳಗಿದ ಜಗತ್ತಿನ ಮೊದಲ ಮನೆ ಎಂಬ ಹೆಸರು ಇದರದೇ.

ಕಟ್ಟಿಸಿದವನು ನ್ಯೂಕಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್. ಓದಿದ್ದು ಕಾನೂನು, ಮನಸ್ಸು ನೆಟ್ಟಿದ್ದು ನೀರಿನಲ್ಲಿ. ನೀರಿನ ಒತ್ತಡದಿಂದ ಭಾರ ಎತ್ತುವ ಕ್ರೇನ್ ರೂಪಿಸಿ, 1847ರಲ್ಲಿ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದ. ಕ್ರಿಮಿಯಾ ಯುದ್ಧದ ನಂತರ ಅಲ್ಲಿ ಫಿರಂಗಿಗಳು ತಯಾರಾದವು, ಮುಂದೆ ಯುದ್ಧನೌಕೆಗಳೂ ಬಂದವು. ಕಾರ್ಖಾನೆಯ ಹಣದಲ್ಲಿ 1863ರಲ್ಲಿ ಬಾಲ್ಯದ ನೆನಪಿನ ರಾತ್‌ಬರಿಯಲ್ಲಿ ಜಾಗ ಕೊಂಡು, ರಜೆಗೆಂದು ಒಂದು ಸಾಧಾರಣ ಮನೆ ಕಟ್ಟಿಸಿಕೊಂಡ.

1869ರಲ್ಲಿ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಶಾ ಅಲ್ಲಿಗೆ ಬಂದ. ಉಳಿದ ಅತಿಥಿಗಳು ಬೇಟೆಗೆ ಹೋಗಿದ್ದ ಒಂದೇ ಮಧ್ಯಾಹ್ನದಲ್ಲಿ ಹೊಸ ಮನೆಯ ರೂಪವನ್ನು ಗೀಚಿ ಮುಗಿಸಿದ ಎಂಬ ಕಥೆಯಿದೆ. ಗೀಚಿದ್ದು ಬೇಗ, ಕಟ್ಟಿದ್ದು ಹದಿನೈದು ವರ್ಷ. ಹಳೆಯ ಮನೆಯನ್ನು ಕೆಡವದೆ ಅದರ ಸುತ್ತಲೇ ಕೋಣೆ, ಗೋಪುರ, ಗ್ಯಾಲರಿಗಳು ಬೆಳೆಯುತ್ತ ಹೋದವು. ಹಾಗಾಗಿಯೇ ಇಲ್ಲಿ ಅರಮನೆಗಳ ಎಡಬಲದ ಸಮತೋಲವಿಲ್ಲ. ಗುಡ್ಡ ಬಾಗಿದತ್ತ ಮನೆಯೂ ಬಾಗಿದೆ. ಹಳ್ಳಿಮನೆಗಳಿಂದ ಶಾ ಎತ್ತಿಕೊಂಡ ಈ ‘ಓಲ್ಡ್ ಇಂಗ್ಲಿಷ್’ ಶೈಲಿಗೆ ಕ್ರ್ಯಾಗ್‌ಸೈಡ್‌ಗಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಊಟದ ಕೋಣೆಯ ಅಗ್ಗಿಷ್ಟಿಕೆಯ ಬಳಿ ವಿಲಿಯಂ ಮಾರಿಸ್‌ನ ಸಂಸ್ಥೆ ಮಾಡಿದ ಬಣ್ಣದ ಗಾಜುಗಳಿವೆ. ದಿವಾನಖಾನೆಯಲ್ಲಿರುವುದು ಸುಮಾರು ಹತ್ತು ಟನ್ ತೂಕದ ಅಮೃತಶಿಲೆಯ ಅಗ್ಗಿಷ್ಟಿಕೆ. ಮೊದಲನೆಯದರ ಮುಂದೆ ಕೂತು ಮಾತಾಡಬಹುದು. ಎರಡನೆಯದು 1884ರಲ್ಲಿ ಬಂದ ಯುವರಾಜನಿಗೆ ವೈಭವ ತೋರಿಸಲು ಇಟ್ಟಂತಿದೆ.

ಯಂತ್ರಗಳ ಮಾತು ಬೇರೆ. ತೊರೆಗೆ ಕಟ್ಟೆ ಹಾಕಿ ಕೆರೆ ಮಾಡಿಸಿದ ಆರ್ಮ್‌ಸ್ಟ್ರಾಂಗ್, ಆ ನೀರಿನಿಂದ ಲಿಫ್ಟ್ ಓಡಿಸಿದ, ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳನ್ನು ತಿರುಗಿಸಿದ. ಕಲ್ಲಿದ್ದಲನ್ನು ಮೇಲಂತಸ್ತುಗಳಿಗೆ ಹೊರಬೇಕಿದ್ದ ಆಳುಗಳಿಗೆ ಲಿಫ್ಟ್ ನಿಜವಾದ ಉಪಕಾರ. 1878ರಲ್ಲಿ ನೀರಿನಿಂದ ತಿರುಗುವ ಡೈನಮೋ ಜೋಡಿಸಿ ಗ್ಯಾಲರಿಯಲ್ಲಿ ಆರ್ಕ್ ದೀಪ ಹೊತ್ತಿಸಿದ. ಅದರ ಬೆಳಕು ಕಣ್ಣು ಕುಕ್ಕುವಷ್ಟು ತೀಕ್ಷ್ಣ. 1880ರಲ್ಲಿ ಗೆಳೆಯ ಜೋಸೆಫ್ ಸ್ವಾನ್ ತಾನು ಕಂಡುಹಿಡಿದ ಗಾಜಿನ ಬಲ್ಬುಗಳನ್ನು ತಂದ. ಗ್ರಂಥಾಲಯದಲ್ಲಿ ಅವನ್ನು ಕೂರಿಸಿದ್ದು ಎನಾಮಲ್ ಹೊದಿಸಿದ ತಾಮ್ರದ ಹೂದಾನಿಗಳ ಮೇಲೆ. ಹೂದಾನಿಯ ಬುಡದಿಂದ ಹೊರಬಂದ ತಂತಿಯ ತುದಿ ಪಾದರಸದ ಬಟ್ಟಲಿನಲ್ಲಿ ಮುಳುಗಿರುತ್ತಿತ್ತು, ವಿದ್ಯುತ್ತು ಹಿಂದಿರುಗುತ್ತಿದ್ದುದು ತಾಮ್ರದ ಮೂಲಕ. ಎತ್ತಿದರೆ ದೀಪ ಆರುತ್ತಿತ್ತು, ಇಟ್ಟರೆ ಹೊತ್ತುತ್ತಿತ್ತು. ಸ್ವಿಚ್ಚು ಎಂಬ ವಸ್ತು ಇನ್ನೂ ಮನೆಗಳಿಗೆ ಕಾಲಿಡದ ಕಾಲದಲ್ಲಿ ಎಂಥ ಚೆಲುವಾದ ಉಪಾಯ!

ಇದು ಸಿರಿವಂತನ ಆಟವಷ್ಟೇ ಆಗಿರಲಿಲ್ಲ. 1863ರಲ್ಲಿ, ವಿಜ್ಞಾನದ ಪ್ರಗತಿಗಾಗಿ ಇದ್ದ ಬ್ರಿಟಿಷ್ ಅಸೋಸಿಯೇಷನ್ನಿನ ಅಧ್ಯಕ್ಷ ಭಾಷಣದಲ್ಲೇ ಆತ, ಇಂಗ್ಲೆಂಡಿನ ಕಲ್ಲಿದ್ದಲು ಶಾಶ್ವತವಲ್ಲ ಎಂದು ಎಚ್ಚರಿಸಿದ್ದ. ಕ್ರ್ಯಾಗ್‌ಸೈಡ್‌ನ ಮೊದಲ ದೀಪದ 24 ವರ್ಷಗಳ ನಂತರ, 1902ರಲ್ಲಿ, ನಮ್ಮ ಶಿವನಸಮುದ್ರದಲ್ಲಿ ಕಾವೇರಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕೊಟ್ಟಳು. ಕ್ರ್ಯಾಗ್‌ಸೈಡ್‌ನಲ್ಲಿ ತಂತಿ ಸಾಗಿದ ದೂರ ಮೈಲಿಗೂ ಕಡಿಮೆ. ಇಲ್ಲಿ ತೊಂಬತ್ತು ಮೈಲಿಗೂ ಹೆಚ್ಚು. ಇಷ್ಟು ಬೇಗ ಬೆಳೆದ ವಿದ್ಯೆಯ ಮೊದಲ ಹೆಜ್ಜೆಯನ್ನು ಕೋಣೆ ಕೋಣೆಯಾಗಿ ನೋಡಬಹುದಾದ ಜಾಗ ಎಂಬುದರಿಂದಲೇ ಈ ಮನೆಗೆ ಇಷ್ಟು ಬೆಲೆ.

ಬೆಲೆ ತೆತ್ತವರನ್ನೂ ನೆನೆಯಬೇಕು. 1889ರಲ್ಲಿ ಪರ್ಷಿಯಾದ ಷಾ, 1897ರಲ್ಲಿ ಸಯಾಮಿನ ದೊರೆ ಇಲ್ಲಿ ಅತಿಥಿಗಳಾದರು. ಚೀನಾ, ಜಪಾನುಗಳ ನಿಯೋಗಗಳೂ ಬಂದವು. ಎಲ್ಸ್‌ವಿಕ್‌ನ ಮಾಲೀಕ ಅವರೆದುರು ತನ್ನ ಊಟದ ಮೇಜು, ದೀಪ, ತೋಟಗಳನ್ನು ತೆರೆದಿಟ್ಟಾಗ ಫಿರಂಗಿಗಳ ವ್ಯಾಪಾರ ದೂರವಿರುತ್ತಿರಲಿಲ್ಲ. ಈ ಮನೆಯ ಚರಿತ್ರೆ ಹೇಳುವಾಗ ಬಲ್ಬನ್ನು ಹೊಗಳಿ ಫಿರಂಗಿಯನ್ನು ಮರೆಯುವುದು ಅರ್ಧಸತ್ಯ.

ಆರ್ಮ್‌ಸ್ಟ್ರಾಂಗ್ 1900ರ ಡಿಸೆಂಬರಿನಲ್ಲಿ ಇಲ್ಲೇ ತೀರಿಕೊಂಡ. 1910ರಲ್ಲಿ ವಾರಸುದಾರರು ಅವನು ಕೂಡಿಸಿದ್ದ ಒಳ್ಳೆಯ ಚಿತ್ರಗಳನ್ನು ಮಾರಿದರು. 1977ರಲ್ಲಿ ಮನೆ ನ್ಯಾಷನಲ್ ಟ್ರಸ್ಟಿನ ಕೈಸೇರಿತು, ಎರಡು ವರ್ಷದ ನಂತರ ಸಾರ್ವಜನಿಕರಿಗೆ ತೆರೆಯಿತು. 2014ರಲ್ಲಿ ಟ್ರಸ್ಟು 17 ಮೀಟರ್ ಉದ್ದದ ಆರ್ಕಿಮಿಡೀಸ್ ತಿರುಪನ್ನು ಕೂರಿಸಿ, ಕೆರೆಯ ನೀರಿನಿಂದಲೇ ಮತ್ತೆ ವಿದ್ಯುತ್ತು ತೆಗೆಯತೊಡಗಿತು.